ಮಲ್ಲಿಗೆ ಹಿಡಿಯುವ ಹಲಗೆ

ಹಾರ್ಡ್‌ಬೋರ್ಡ್ ಸುಟ್ಟ ವಾಸನೆ ಮಲ್ಲಿಗೆಗೆ ಹಿಡಿದರೆ ಬಿಡುವುದಿಲ್ಲ ಎಂದು ನನಗೆ ಮೊದಲು ಹೇಳಿದವರು ನೆರೆಮನೆಯ ಬಾಯಮ್ಮ. ಶಂಕರಪುರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನನ್ನ ಲೇಸರ್ ಯಂತ್ರ ಇದೆ. ಮನೆಯ ಹೆಸರಿನ ಫಲಕ, ಗೋಡೆ ಗಡಿಯಾರ, ರಂಗೋಲಿ ಅಚ್ಚು, ಮದುವೆ ಮಂಟಪಕ್ಕೆ ಅಂಟಿಸುವ ಅಕ್ಷರ, ಇಂಥವನ್ನೆಲ್ಲ ಅದರಲ್ಲಿ ಕತ್ತರಿಸುತ್ತೇನೆ. ಯಂತ್ರದ ಹೊಗೆಯನ್ನು ಒಂದು ಕೊಳವೆ ಕಿಟಕಿಯಿಂದ ಹೊರಗೆ ಬಿಡುತ್ತದೆ. ಕಿಟಕಿಯ ಆಚೆ ಕಾಂಪೌಂಡು ಗೋಡೆ, ಗೋಡೆಯ ಆಚೆ ಬಾಯಮ್ಮನ ಜಗಲಿ. ಬೆಳಗಿನ ಹೊತ್ತು ಬಾಯಮ್ಮ ಮತ್ತು ಅವರ ಸೊಸೆ ಅಲ್ಲಿ ಕೂತು ಮಲ್ಲಿಗೆ ಕಟ್ಟುತ್ತಾರೆ.

"ನಿನ್ನ ಮಿಶನ್ ಬೇಡ ಅಂತ ನಾನು ಹೇಳುವುದಿಲ್ಲ ಮಗಾ," ಎಂದಿದ್ದರು ಅವರು. "ನನ್ನ ಹೂವು ಗಾಡಿ ಹತ್ತಿದ ಮೇಲೆ ಎಂತ ಬೇಕಾದರೂ ಸುಡು."

ಅಂದಿನಿಂದ ಹೂವು ಒಯ್ಯುವವನ ಬೈಕು ಬಂದು ಹೋದ ಮೇಲೆಯೇ ನಾನು ಯಂತ್ರದ ಸ್ವಿಚ್ ಹಾಕುವುದು. ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ. ಅವರ ಮನೆಯೊಳಗಿನ ಮಾತು ಕೊಂಕಣಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅವರ ದನಿಯ ಒಂದು ಪಾಲು ಕಡಿಮೆಯಾಗುತ್ತದೆ, ಅದಕ್ಕೆ ನಾನು ಏನೂ ಮಾಡುವಂತಿಲ್ಲ.

ಒಂದು ಮಳೆಗಾಲದಲ್ಲಿ ಬಾಯಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪಾಚಿಯ ಮೇಲೆ ಜಾರಿ ಬಿದ್ದರು. ಎಡಗೈ ಊರಿ ಬಿದ್ದದ್ದರಿಂದ ಮಣಿಕಟ್ಟಿನ ಮೂಳೆ ಮುರಿಯಿತು. ಮಣಿಪಾಲದಲ್ಲಿ ಆಪರೇಷನ್ ಮಾಡಿ ಪ್ಲೇಟು ಕೂರಿಸಿದರು. ಮೂಳೆ ಚೆನ್ನಾಗಿಯೇ ಕೂಡಿಕೊಂಡಿತು. ಆದರೆ ಕಟ್ಟು ಬಿಚ್ಚಿದಾಗ ಬೆರಳುಗಳು ಮರಗಟ್ಟಿದ್ದವು. ಹೆಬ್ಬೆರಳು ತೋರುಬೆರಳನ್ನು ಮುಟ್ಟುತ್ತಲೇ ಇರಲಿಲ್ಲ. ಹಿಸುಕಿ ಅಭ್ಯಾಸ ಮಾಡಲು ಆಸ್ಪತ್ರೆಯಿಂದ ಕೊಟ್ಟ ಸ್ಪಂಜಿನ ಚೆಂಡು ಕೆಲವೇ ದಿನಗಳಲ್ಲಿ ಬೆಕ್ಕಿನ ಪಾಲಾಯಿತು. ಬಾಯಮ್ಮ ಜಗಲಿಗೆ ಬರುವುದನ್ನೇ ನಿಲ್ಲಿಸಿದರು. ಒಳಗೆ ಕುರ್ಚಿಯಲ್ಲಿ, ಎಡಗೈಯನ್ನು ಸೆರಗಿನಡಿ ಮುಚ್ಚಿಕೊಂಡು ಕೂತಿರುತ್ತಿದ್ದರು. ಊಟಕ್ಕೆ ಕರೆದರೆ ಬರುವರು, ಮಾತಿಗೆ ಕರೆದರೆ ಇಲ್ಲ.

ಒಂದು ಬೆಳಿಗ್ಗೆ ಸೊಸೆ ಕಾಂಪೌಂಡಿನ ಮೇಲಿಂದ ನನ್ನನ್ನು ಕರೆದಳು.

"ಅಕ್ಕ, ನಿಮ್ಮ ಮಿಶನ್‌ನಲ್ಲಿ ಹೂ ಹಿಡಿದುಕೊಳ್ಳುವ ಹಾಗೆ ಎಂತಾದರೂ ಮಾಡಲಿಕ್ಕೆ ಆಗ್ತದಾ? ಅಮ್ಮನ ಬಲಗೈ ಸರಿ ಉಂಟಲ್ವಾ. ಎಡಗೈ ಮಾಡುವ ಕೆಲಸ ಒಂದು ಹಲಗೆ ಮಾಡಿದರೆ ಸಾಕು."

"ಎಡಗೈ ಎಂತ ಕೆಲಸ ಮಾಡ್ತದೆ ಅಂತ ನಾನು ಮೊದಲು ನೋಡಬೇಕು," ಎಂದೆ.

ನೋಡಿದೆ. ಸೊಸೆಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಒಂದಷ್ಟು ಬೆಳಗುಗಳನ್ನು ಕಳೆದೆ. ಇಷ್ಟು ವರ್ಷ ಗೋಡೆಯಾಚೆ ನಡೆಯುತ್ತಿದ್ದ ಕೆಲಸವನ್ನು ಅಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ಬಲಗೈ ಮೊಗ್ಗು ಆಯ್ದು ಕೊಡುತ್ತದೆ, ಬಾಳೆನಾರನ್ನು ಸುತ್ತಿ, ಕುಣಿಕೆ ಹಾಕಿ ಎಳೆಯುತ್ತದೆ. ಎಡಗೈಯದ್ದು ಹಿಡಿಯುವ ಕೆಲಸ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮೊಗ್ಗುಗಳ ತೊಟ್ಟು ಅಲುಗದಂತೆ ಇರಬೇಕು, ಆದರೆ ಜಜ್ಜಿಹೋಗಲೂಬಾರದು. ಒಂದು ಗಂಟು ಬಿದ್ದ ಕೂಡಲೇ ಬೆರಳುಗಳು ಕಣ್ಣಿಗೆ ಕಾಣದಷ್ಟು ಸಡಿಲವಾಗಿ, ಮಾಲೆಯನ್ನು ಕೂದಲೆಳೆಯಷ್ಟು ಮುಂದೆ ಸರಿಸಿ, ಮತ್ತೆ ಬಿಗಿಯಾಗುತ್ತವೆ. ತೊಟ್ಟನ್ನು ಹಿಡಿಯಲು ಬರೀ ಒಂದು ಕ್ಲಿಪ್ಪು ಇಟ್ಟರೆ ಅದಕ್ಕೆ ಆ ಸಡಿಲ ಗೊತ್ತಿರುವುದಿಲ್ಲ. ಹಾಗಾಗಿ ಬಾಚಣಿಗೆಯಂತಹ ಒಂದು ಹಲಗೆ ಮಾಡುವುದೆಂದು ಯೋಚಿಸಿದೆ. ಅದರ ಹಲ್ಲುಗಳ ನಡುವಿನ ಸೀಳಿನಲ್ಲಿ ತೊಟ್ಟು ಕೂರಬೇಕು. ಗಂಟು ಬಿದ್ದ ಮೇಲೆ ಮೇಲಕ್ಕೆತ್ತಿ ಪಕ್ಕದ ಸೀಳಿಗೆ ದಾಟಿಸಬೇಕು.

ತೆಳು ಪ್ಲೈವುಡ್ಡಿನಲ್ಲಿ ಅಷ್ಟು ಸಣ್ಣ ಹಲ್ಲು ಕತ್ತರಿಸಿದರೆ ಮರದ ಎಳೆಯ ಜಾಡು ಹಿಡಿದು ಮುರಿಯುತ್ತದೆ. ಅಕ್ರಿಲಿಕ್ಕಿನಲ್ಲಿ ಒದ್ದೆ ತೊಟ್ಟು ಜಾರುತ್ತದೆ. ಹಾರ್ಡ್‌ಬೋರ್ಡ್ ಎಂದರೆ ಮರದ ನಾರನ್ನು ಒತ್ತಿ ಮಾಡಿದ ಹಾಳೆ; ಅದಕ್ಕೆ ಎಳೆಯಿಲ್ಲ, ಯಾವ ದಿಕ್ಕಿಗೆ ಕತ್ತರಿಸಿದರೂ ಒಂದೇ. ಒಂದು ಬದಿ ನುಣುಪು, ಇನ್ನೊಂದು ಬದಿಯಲ್ಲಿ ಬಲೆಯ ಅಚ್ಚಿನಂತಹ ತರಿ. ಕಾಪುವಿನ ಪ್ಲೈವುಡ್ ಅಂಗಡಿಯಿಂದ ಒಂದು ಹಾಳೆ ತಂದೆ. ಮಳೆಗಾಲದ ಗಾಳಿ ಕುಡಿದು ಅದು ಹಪ್ಪಳದಂತೆ ಡೊಂಕಾಗಿತ್ತು. ಡೊಂಕು ಹಲಗೆಯ ಮೇಲೆ ಲೇಸರ್ ಕಿರಣ ಒಂದು ಕಡೆ ಸರಿಯಾಗಿ ಕೂಡಿ ಕತ್ತರಿಸಿದರೆ ಇನ್ನೊಂದು ಕಡೆ ಹರಡಿ ಬರೀ ಸುಡುತ್ತದೆ. ತುಂಡು ಮಾಡಿ, ಇಸ್ತ್ರಿಪೆಟ್ಟಿಗೆಯ ಬಿಸಿ ಕೊಟ್ಟು, ರುಬ್ಬುಕಲ್ಲಿನ ಭಾರದಡಿ ಇಟ್ಟು ನೇರ ಮಾಡಿಕೊಂಡೆ.

ಲೇಸರ್ ಕಿರಣಕ್ಕೂ ಒಂದು ದಪ್ಪ ಇರುತ್ತದೆ. ಅದು ಹೋದ ದಾರಿಯಲ್ಲಿ ಒಂದಿಷ್ಟು ಹಲಗೆ ಹೊಗೆಯಾಗಿ ಹೋಗುತ್ತದೆ. ಕಂಪ್ಯೂಟರಿನಲ್ಲಿ ಬರೆದ ಸೀಳಿಗಿಂತ ಕೈಗೆ ಬಂದ ಸೀಳು ಯಾವಾಗಲೂ ಅಗಲ. ಮಲ್ಲಿಗೆಯ ತೊಟ್ಟಿಗೆ ಆ ವ್ಯತ್ಯಾಸವೇ ದೊಡ್ಡದು. ಆದ್ದರಿಂದ ಮೊದಲು ಒಂದು ಪರೀಕ್ಷೆಯ ಪಟ್ಟಿ ಮಾಡಿದೆ. ಒಂದಕ್ಕಿಂತ ಒಂದು ಸ್ವಲ್ಪ ಅಗಲವಾದ ಸೀಳುಗಳು, ಪ್ರತಿಯೊಂದರ ಕೆಳಗೆ ಅ, ಆ, ಇ, ಈ ಎಂದು ಕೊರೆದ ಗುರುತು. ಕಂದು ಹಲಗೆಯ ಮೇಲೆ ಕಂದು ಅಕ್ಷರ ಕಾಣುವುದಿಲ್ಲವೆಂದು ಕೊರೆದಲ್ಲಿ ಬಿಳಿ ಬಣ್ಣ ತುಂಬಿದೆ.

ಬಾಯಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು, ಮೊಗ್ಗೊಂದನ್ನು ಸೀಳಿನಿಂದ ಸೀಳಿಗೆ ಹಾಕಿ ನೋಡಿದರು. "ಈ," ಎಂದರು. ಬಿದ್ದ ಮೇಲೆ ಅವರು ನನ್ನೊಂದಿಗೆ ಆಡಿದ ಮೊದಲ ಮಾತು ಅದು, ಒಂದೇ ಅಕ್ಷರ.

ಆ ಅಳತೆಗೆ ಬಾಚಣಿಗೆ ಕತ್ತರಿಸಿ, ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದ ಭಾರದ ತಳಕ್ಕೆ ನಿಲ್ಲಿಸಿ ಕೊಟ್ಟೆ. ಮರುದಿನ ಬೆಳಿಗ್ಗೆ, ಬಾಯಮ್ಮ ಅದರಲ್ಲಿ ಕಟ್ಟಿದ ತುಂಡು ಮಾಲೆಯನ್ನು ಸೊಸೆ ತಂದು ಗೋಡೆಯ ಮೇಲಿಟ್ಟಳು. ಪ್ರತಿ ಮೊಗ್ಗಿನ ಕುತ್ತಿಗೆಗೂ ಕಾಡಿಗೆ ಹಚ್ಚಿದಂತೆ ಕಪ್ಪು. ಕತ್ತರಿಸಿದ ಅಂಚಿನ ಮಸಿ ಒದ್ದೆ ಹೂವಿಗೆ ಇಳಿದಿತ್ತು. ಮೂಸಿದರೆ ಮಲ್ಲಿಗೆಯ ಹಿಂದೆ ಒಲೆಯ ವಾಸನೆ.

ಎರಡನೆಯದನ್ನು ಎಚ್ಚರದಿಂದ ಮಾಡಿದೆ. ಹೊಗೆಯ ಕಲೆ ಕೂರದಂತೆ ಹಲಗೆಗೆ ಕಾಗದದ ಮಾಸ್ಕಿಂಗ್ ಟೇಪು ಹಚ್ಚಿದೆ, ಗಾಳಿ ಊದುವ ಪಂಪಿನ ಬಲ ಹೆಚ್ಚಿಸಿದೆ, ಒಂದೇ ಸಲ ಜೋರಾಗಿ ಸುಡುವ ಬದಲು ವೇಗವಾಗಿ ಹಲವು ಸಲ ಓಡಿಸಿದೆ. ಹಾರ್ಡ್‌ಬೋರ್ಡಿನ ಹೊಗೆ ಅಂಟು. ಅದು ಲೆನ್ಸಿಗೆ ಕೂತು ಕಿರಣವನ್ನು ಮಂಕು ಮಾಡುತ್ತದೆ. ನಡುನಡುವೆ ನಿಲ್ಲಿಸಿ ಸ್ಪಿರಿಟ್ಟಿನಲ್ಲಿ ಒರೆಸಬೇಕಾಯಿತು. ಪ್ರತಿ ಹಲ್ಲಿನ ಅಂಚನ್ನೂ ಉಗುರಿಗೆ ಸುತ್ತಿದ ಉಜ್ಜುಕಾಗದದಿಂದ ತಿಕ್ಕಿದೆ. ಮಸಿ ಹೋಯಿತು. ಆದರೆ ಆ ಹಲಗೆ ಒಂದು ಬೆಳಗೂ ಪೂರ್ತಿ ಬಾಳಲಿಲ್ಲ. ಮೊಗ್ಗಿನ ನೀರು, ನಾರಿನ ನೀರು ಕುಡಿದು ಹಲ್ಲುಗಳು ಊದಿಕೊಂಡವು, ಸೀಳುಗಳು ಮುಚ್ಚಿಹೋದವು. ಬಲಗೈಯಲ್ಲಿ ತೊಟ್ಟನ್ನು ಒತ್ತಿ ಒತ್ತಿ ಬಾಯಮ್ಮ ಕೊನೆಗೆ ಹಲಗೆಯನ್ನು ಪಕ್ಕಕ್ಕಿಟ್ಟು ಒಳಗೆ ಹೋದರು. ನನ್ನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

ವಾರ್ನಿಷ್ ಹಚ್ಚಿದರೆ ನೀರು ತಡೆಯುತ್ತದೆ, ಆದರೆ ಅದರ ವಾಸನೆ ಹೊಗೆಯದ್ದಕ್ಕಿಂತ ಕೆಟ್ಟದ್ದು. ಎಣ್ಣೆ ಹೂವಿಗೆ ಹತ್ತುತ್ತದೆ. ನಾನು ಇದನ್ನು ಹೇಳುತ್ತಿರುವಾಗ ಸೊಸೆ ಒಳಗೆ ಹೋಗಿ ಉರಿದುಳಿದ ಮೇಣದ ಬತ್ತಿಯ ತುಂಡುಗಳ ಡಬ್ಬಿ ತಂದಳು. ಪ್ರಾರ್ಥನೆಗೆ ಹಚ್ಚಿದ್ದೆಂದು ಅವರ ಮನೆಯಲ್ಲಿ ಅವನ್ನು ಎಸೆಯುವುದಿಲ್ಲ. ಮೂರನೆಯ ಹಲಗೆಯನ್ನು ಬಿಸಿಲಲ್ಲಿ ಒಣಗಿಸಿ, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಿಡಿದು, ಅಂಚಂಚಿಗೂ ಮೇಣ ಉಣಿಸಿದೆ. ಹಾರ್ಡ್‌ಬೋರ್ಡ್ ಮೇಣವನ್ನು ಬಾಯಾರಿದಂತೆ ಎಳೆದುಕೊಂಡಿತು, ಕಪ್ಪುಗಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಯಿತು. ನೀರಿನ ಹನಿ ಇಟ್ಟರೆ ಉರುಳಿ ಹೋಗುತ್ತಿತ್ತು.

ಆ ಹಲಗೆ ಕೆಲಸ ಮಾಡಿತು. ಬಾಯಮ್ಮ ಜಗಲಿಗೆ ಬಂದು ಕೂತರು. ಮೊದಮೊದಲು ನಿಧಾನ, ಆಮೇಲೆ ಬಲಗೈಗೆ ಹಲಗೆಯ ನಡೆ ತಿಳಿಯಿತು. ಗೋಡೆಯ ಆಚೆಯಿಂದ ಕೊಂಕಣಿಯಲ್ಲಿ ಸೊಸೆಯನ್ನು ಗದರುವ ದನಿ ಮತ್ತೆ ಕೇಳಿತು. ನಾನು ಕಾರ್ಕಳದ ಒಂದು ಗೃಹಪ್ರವೇಶಕ್ಕೆ ಕೊಡಬೇಕಾದ ಗಡಿಯಾರದ ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆಯುತ್ತಾ ಆ ಗದರುವಿಕೆಯನ್ನು ಕೇಳಿಸಿಕೊಂಡು ಕೂತಿರುತ್ತಿದ್ದೆ. ನಾನು ಮಾಡಿದ ಯಾವ ವಸ್ತುವೂ ನನಗೆ ಅಷ್ಟು ಖುಷಿ ಕೊಟ್ಟಿರಲಿಲ್ಲ.

ಮಣಿಪಾಲಕ್ಕೆ ಮುಂದಿನ ಸಲ ತೋರಿಸಲು ಹೋಗುವಾಗ ಬಾಯಮ್ಮನೇ ನನ್ನನ್ನು ಕರೆದರು. ಹಲಗೆಯನ್ನು ಚೀಲದಲ್ಲಿಟ್ಟುಕೊಂಡಿದ್ದರು, ಡಾಕ್ಟರಿಗೆ ತೋರಿಸಬೇಕೆಂದು. ಫಿಸಿಯೋಥೆರಪಿ ಮಾಡಿಸುವ ಹುಡುಗಿ ಹಲಗೆಯನ್ನು ತಿರುಗಿಸಿ ನೋಡಿ ಮೆಚ್ಚಿದಳು. ಆಮೇಲೆ ಬಾಯಮ್ಮನ ಎಡಗೈಯನ್ನು ತನ್ನ ಅಂಗೈಯಲ್ಲಿಟ್ಟು ಒಂದೊಂದೇ ಬೆರಳನ್ನು ಮಡಿಸಿದಳು. ಮಡಿಸುತ್ತಿದ್ದಂತೆ ಅವಳ ಮುಖ ಬದಲಾಯಿತು.

"ಹೋದ ಸಲಕ್ಕಿಂತ ಬಿಗಿಯಾಗಿದೆಯಲ್ಲ ಅಮ್ಮ. ಈ ಕೈಯಲ್ಲಿ ಎಂತ ಕೆಲಸ ಮಾಡ್ತೀರಿ?"

"ಎಂತದ್ದೂ ಇಲ್ಲ," ಎಂದರು ಬಾಯಮ್ಮ. "ಈಗ ಹಲಗೆ ಉಂಟಲ್ವಾ."

ಹುಡುಗಿ ನನ್ನ ಕಡೆ ನೋಡಿದಳು. ಆಮೇಲೆ ಹೊರಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದಳು. "ನೀವು ಮಾಡಿದ್ದು ಚಂದ ಉಂಟು. ಆದರೆ ಆ ಕೈಗೆ ಈಗ ಪೂರ್ತಿ ರಜೆ. ಈ ಕೆಲವು ತಿಂಗಳಲ್ಲಿ ಬೆರಳು ತಿರುಗದಿದ್ದರೆ ಆಮೇಲೆ ಕಷ್ಟ. ಚೆಂಡು ಹಿಸುಕಿ ಅಂದರೆ ಹಿಸುಕುವುದಿಲ್ಲ. ಹೂ ಅಂದರೆ ಹಿಡಿಯುತ್ತಿದ್ದರೋ ಏನೋ."

ಉಡುಪಿಯಲ್ಲಿ ಬಸ್ಸು ಬದಲಿಸಿ ಕಟಪಾಡಿಯ ದಾರಿ ಹಿಡಿದೆವು. ಬಾಯಮ್ಮ ಕಿಟಕಿಯ ಪಕ್ಕ ತೂಕಡಿಸುತ್ತಿದ್ದರು, ಹಲಗೆಯ ಚೀಲ ಅವರ ತೊಡೆಯ ಮೇಲಿತ್ತು. ಒಂದು ಕೈಯ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡಿದ ಹಲಗೆ ಆ ಕೈ ಬೇಡವೇ ಬೇಡ ಎಂದುಬಿಟ್ಟಿತ್ತು. ಅದನ್ನು ಕಿತ್ತುಕೊಳ್ಳಬಹುದಿತ್ತು, ಆದರೆ ಅವರು ಮತ್ತೆ ಒಳಗಿನ ಕುರ್ಚಿಗೆ ಹೋಗುತ್ತಾರೆ. ಶಂಕರಪುರಕ್ಕೆ ಬಂದು ಇಳಿಯುವ ಹೊತ್ತಿಗೆ ನಾನು ತೀರ್ಮಾನ ಮಾಡಿದ್ದೆ. ಚೆನ್ನಾಗಿರುವ ಹಲಗೆಯನ್ನು ಸ್ವಲ್ಪ ಸ್ವಲ್ಪವಾಗಿ ಕೆಡಿಸಬೇಕು.

ಲೇಸರ್ ಯಂತ್ರದ ಒಂದು ಗುಣ ಇದು. ಚಿತ್ರ ಕಂಪ್ಯೂಟರಿನಲ್ಲಿರುತ್ತದೆ, ಒಂದು ಗೆರೆ ಅಳಿಸಿ ಮತ್ತೆ ಕತ್ತರಿಸಿದರೆ ಆಯಿತು. ಹೊಸ ಹಲಗೆಯಲ್ಲಿ ಪ್ರತಿ ಸೀಳಿನ ಒಂದು ಬದಿಯ ಹಲ್ಲನ್ನು ಅರ್ಧಕ್ಕೆ ಇಳಿಸಿದೆ. ತೊಟ್ಟಿಗೆ ಹಿಂದಿನಿಂದ ಆಸರೆ ಇದೆ, ಮುಂದಿನಿಂದ ಇಲ್ಲ. ಮುಂದೆ ಒತ್ತಿ ಹಿಡಿಯಲು ಒಂದು ಹೆಬ್ಬೆರಳು ಬೇಕೇ ಬೇಕು.

ಅದನ್ನು ಬಾಯಮ್ಮನ ಮುಂದಿಟ್ಟೆ. ಅವರು ಒಂದು ಮೊಗ್ಗು ಇಟ್ಟರು, ಅದು ಬಿತ್ತು. ಇನ್ನೊಂದು ಇಟ್ಟರು, ಅದೂ ಬಿತ್ತು.

"ಸರಿ ಇದ್ದದ್ದನ್ನು ಯಾಕೆ ಹಾಳು ಮಾಡಿದ್ದು ನೀನು?"

"ಬೇಕೆಂದೇ ಮಾಡಿದ್ದು ಬಾಯಮ್ಮ."

"ಬೇಕೆಂದೇ?"

"ಹೌದು. ಮೊದಲಿನ ಹಲಗೆ ನಿಮ್ಮ ಕೈಯನ್ನು ಮನೆಯಲ್ಲಿ ಕೂರಿಸಿತು. ಡಾಕ್ಟರ್ ಹುಡುಗಿ ಹೇಳಿದ್ದು ಅದೇ. ಈ ಹಲಗೆ ಅರ್ಧ ಕೆಲಸ ಮಾಡ್ತದೆ. ಉಳಿದರ್ಧ ನಿಮ್ಮ ಹೆಬ್ಬೆರಳಿನದ್ದು."

ಅವರು ಸೆರಗಿನಡಿಯಿಂದ ಎಡಗೈ ತೆಗೆದು ನೋಡಿದರು. ಊತ ಇಳಿದು, ಚರ್ಮ ತೆಳುವಾಗಿ, ಬೇರೆ ಯಾರದೋ ಕೈಯಂತೆ ಇತ್ತು. "ನೋವಾಗ್ತದೆ," ಎಂದರು. ಅಲ್ಲಿಯವರೆಗೆ ಅವರು ಅದನ್ನು ಯಾರಿಗೂ ಹೇಳಿರಲಿಲ್ಲ. ಆಗುವುದಿಲ್ಲ ಎಂದಿದ್ದರು, ಬೇಡ ಎಂದಿದ್ದರು. ನೋವಿನ ಮಾತು ಬಂದಿರಲಿಲ್ಲ. ಸೊಸೆ ನಾರು ಬಿಡಿಸುವುದನ್ನು ನಿಲ್ಲಿಸಿದಳು.

"ಗೊತ್ತುಂಟು ಅಮ್ಮ," ಎಂದಳು ಮೆಲ್ಲಗೆ. ನನಗೆ ಅವಳ ಕಣ್ಣು ನೋಡಲಾಗಲಿಲ್ಲ.

ಮರುದಿನ ಬೆಳಿಗ್ಗೆ ಬಾಯಮ್ಮ ಹಳೆಯ ಒಳ್ಳೆಯ ಹಲಗೆಯಲ್ಲೇ ಕಟ್ಟುತ್ತಿದ್ದರು. ಕೆಟ್ಟ ಹಲಗೆ ಕಿಟಕಿಯ ದಂಡೆಯ ಮೇಲಿತ್ತು. ನಾನು ವಾದ ಮಾಡಲಿಲ್ಲ. ಮಾರುವ ಹೂವು ಸಡಿಲವಾದರೆ ಒಪ್ಪುವುದಿಲ್ಲ, ಬೈಕಿನವನು ಕಾಯುವುದಿಲ್ಲ, ಅವಸರದ ಹೊತ್ತಿನಲ್ಲಿ ನೋಯುವ ಕೈಗೆ ಕಲಿ ಎನ್ನುವುದು ಸರಿಯಲ್ಲ. ಯೋಚಿಸುತ್ತಾ ನಿಂತಿದ್ದಾಗ ಅವರ ಮನೆಯ ಒಳಗೆ, ಗೋಡೆಯ ಮೇಲಿನ ಪುಟ್ಟ ಪೀಠದಲ್ಲಿ ಮಾತೆ ಮರಿಯಮ್ಮನವರ ಪ್ರತಿಮೆ ಕಂಡಿತು. ಅದಕ್ಕೆ ದಿನವೂ ಒಂದು ಗೇಣು ಮಾಲೆ ಇಡುತ್ತಾರೆ. ಬಿರಿದುಹೋದ, ಮಾರಲು ಬಾರದ ಮೊಗ್ಗುಗಳಿಂದ ಸೊಸೆ ಕೊನೆಗೆ ಅದನ್ನು ಕಟ್ಟಿಬಿಡುತ್ತಿದ್ದಳು.

"ಬಾಯಮ್ಮ, ಗಾಡಿಗೆ ಹೋಗುವುದನ್ನು ಆ ಹಲಗೆಯಲ್ಲೇ ಕಟ್ಟಿ," ಎಂದೆ. "ಮರಿಯಮ್ಮನವರದ್ದನ್ನು ಮಾತ್ರ ಈ ಹಲಗೆಯಲ್ಲಿ ಕಟ್ಟಿ."

"ಸಡಿಲ ಆಗ್ತದೆ."

"ಆಗಲಿ."

ಬಾಯಮ್ಮ ಒಳಗೆ ನೋಡಿದರು. "ಅವರಿಗೆ ಗಡಿಬಿಡಿ ಇಲ್ಲ," ಎಂದರು.

ಹಾಗೆ ಶುರುವಾಯಿತು. ಬೈಕು ಹೋದ ಮೇಲೆ ನಾನು ಯಂತ್ರ ಹಚ್ಚುವ ಮೊದಲು ಗೋಡೆಯ ಹತ್ತಿರ ಹೋಗಿ ನೋಡುತ್ತಿದ್ದೆ. ಬಾಯಮ್ಮ ತುಟಿ ಕಚ್ಚಿಕೊಂಡು ಹೆಬ್ಬೆರಳನ್ನು ಹಲಗೆಯತ್ತ ತಳ್ಳುತ್ತಿದ್ದರು. ಮೊದಲ ಮಾಲೆಗಳು ಪ್ರತಿಮೆಯ ಕಾಲಡಿಗೆ ತಲುಪುವಷ್ಟರಲ್ಲಿ ಅರ್ಧ ಉದುರಿರುತ್ತಿದ್ದವು. ಹೆಬ್ಬೆರಳು ಎಲ್ಲಿ ಊರಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ, ಬೆರಳ ತುದಿಯ ಸ್ಪರ್ಶವೂ ಮಂದವಾಗಿತ್ತು. ಆದ್ದರಿಂದ ಮುಂದಿನ ಹಲಗೆಯಲ್ಲಿ ಹೆಬ್ಬೆರಳಿಗೊಂದು ಗುಳಿ ಕೊರೆಯಲು ಹೊರಟೆ. ಚಪಾತಿ ಹಿಟ್ಟಿನ ಉಂಡೆಯ ಮೇಲೆ ಅವರ ಹೆಬ್ಬೆರಳನ್ನು ಒತ್ತಿಸಿಕೊಂಡು ಅಚ್ಚು ತೆಗೆದೆ. ಅದರ ಆಕಾರವನ್ನು ಬೂದುಬಣ್ಣದ ಛಾಯೆಗಳಲ್ಲಿ ಬರೆದೆ. ಕಪ್ಪು ಇದ್ದಲ್ಲಿ ಯಂತ್ರ ಆಳವಾಗಿ ಕೊರೆಯುತ್ತದೆ, ತಿಳಿ ಇದ್ದಲ್ಲಿ ಮೇಲ್ಮೇಲೆ. ಆಗ ಗುಳಿಗೆ ಇಳಿಜಾರು ಬರುತ್ತದೆ.

ಆ ಗುಳಿ ನನ್ನನ್ನು ಸತಾಯಿಸಿತು. ಆಳ ಬರಲೆಂದು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಓಡಿಸಿದಾಗ ತೇವ ಉಳಿದಿದ್ದ ಹಲಗೆಯ ಪದರ ಗುಳ್ಳೆಯಂತೆ ಎದ್ದು ಕಿತ್ತುಬಂತು. ಇನ್ನೊಂದು ಸಲ ಕೊರೆದ ಪುಡಿ ಅಲ್ಲೇ ಉಳಿದು ಕಿಡಿ ಹತ್ತಿ, ಸಣ್ಣ ಜ್ವಾಲೆ ಎದ್ದಿತು. ಯಂತ್ರ ಓಡುವಾಗ ನಾನು ಪಕ್ಕದಿಂದ ಕದಲುವುದಿಲ್ಲ, ಹಾಗಾಗಿ ತಕ್ಷಣ ನಿಲ್ಲಿಸಿ ಒದ್ದೆ ಬಟ್ಟೆ ಹಾಕಿದೆ. ಕೊನೆಗೆ ಪ್ರತಿ ಸುತ್ತಿನ ನಂತರ ನಿಲ್ಲಿಸಿ, ಪುಡಿಯನ್ನು ಕುಂಚದಿಂದ ಗುಡಿಸಿ, ತಣಿಯಲು ಬಿಟ್ಟು ಮುಂದಿನ ಸುತ್ತು ಹಾಕಿದೆ. ಗುಳಿಯ ಒಳಗನ್ನು ಉಜ್ಜಿ ಮೇಣ ಹಾಕಿದೆ. ಆ ಹಲಗೆಯಲ್ಲಿ ಹಲ್ಲುಗಳೂ ಕಡಿಮೆ, ಆಸರೆಯೂ ಕಡಿಮೆ. ಆದರೆ ಹೆಬ್ಬೆರಳು ಗುಳಿಗೆ ಬಂದರೆ ತನ್ನ ಹಾಸಿಗೆಗೆ ಬಂದಂತೆ ಕೂರುತ್ತಿತ್ತು.

"ಇದು ನನ್ನದೇ ಬೆರಳು," ಎಂದು ಬಾಯಮ್ಮ ಗುಳಿಯನ್ನು ಬಲಗೈಯಿಂದ ಸವರಿದರು. ಆಮೇಲೆ ಎಡಗೈಯ ಹೆಬ್ಬೆರಳನ್ನು ಮೆಲ್ಲಗೆ ಅದರಲ್ಲಿಟ್ಟರು.

ಆ ಹಲಗೆಯ ನಂತರ ಇನ್ನೂ ಕೆಲವು ಬಂದವು, ಒಂದಕ್ಕಿಂತ ಒಂದು ಕೆಲಸಕ್ಕೆ ಬಾರದವು. ಒಂದರಲ್ಲಿ ತೋರುಬೆರಳಿನ ಆಸರೆ ತೆಗೆದೆ. ಒಂದು ದಿನ ನಾನು ಅವಸರಪಟ್ಟು ಹೆಚ್ಚು ತೆಗೆದುಬಿಟ್ಟೆ. ಬಾಯಮ್ಮ ಇಡೀ ಬೆಳಿಗ್ಗೆ ಒಂದು ಗಂಟೂ ಹಾಕಲಾಗದೆ ಕೈಯನ್ನು ಮತ್ತೆ ಸೆರಗಿನಡಿ ಮುಚ್ಚಿಕೊಂಡರು. ಹಿಂದಿನ ಹಲಗೆಗೆ ಮರಳಿ, ಅಲ್ಲೇ ಬಹಳ ದಿನ ನಿಂತೆವು. ಯಾವುದನ್ನು ಯಾವಾಗ ತೆಗೆಯಬೇಕೆಂದು ಕೇಳಲು ಮಣಿಪಾಲದ ಹುಡುಗಿಗೆ ಫೋಟೋ ಕಳಿಸತೊಡಗಿದೆ. ಅವಳು ತಿರುಗಿ ಬರೆಯುತ್ತಿದ್ದಳು: ಇನ್ನೂ ಇರಲಿ, ಅಥವಾ, ಈಗ ತೆಗೆಯಿರಿ. ಬಿಸಿನೀರಿನಲ್ಲಿ ಕೈ ಅದ್ದಿ ಕೂತರೆ ಗಂಟು ಸಲೀಸು ಎಂದು ಬಾಯಮ್ಮ ತಾವೇ ಕಂಡುಕೊಂಡರು.

ಚಳಿಯ ದಿನಗಳು ಬಂದು ಹೂವು ಕಡಿಮೆಯಾದಾಗ ನಮಗೆ ಸಮಯ ಹೆಚ್ಚು ಸಿಕ್ಕಿತು. ಪ್ರತಿಮೆಯ ಮಾಲೆ ಉದುರುವುದು ನಿಂತಿತು. ಆಮೇಲೊಂದು ಬೆಳಿಗ್ಗೆ ಸೊಸೆ ಗೋಡೆಯ ಹತ್ತಿರ ಬಂದು, ಬೆರಳು ತುಟಿಗಿಟ್ಟು, ಬಾ ಎಂದು ಕಣ್ಣಲ್ಲೇ ಕರೆದಳು. ಬಾಯಮ್ಮ ನಮ್ಮತ್ತ ಬೆನ್ನು ಮಾಡಿ ಕೂತಿದ್ದರು. ಹಲಗೆಗಳೆಲ್ಲ ಪಕ್ಕದಲ್ಲಿ ಒಂದರ ಮೇಲೊಂದು ಇದ್ದವು. ಅವರ ಎಡಗೈ ಗಾಳಿಯಲ್ಲಿತ್ತು, ಬೆರಳುಗಳ ನಡುವೆ ಎರಡು ಮೊಗ್ಗು. ಗಂಟು ಬಿತ್ತು. ಬೆರಳು ಸಡಿಲವಾಯಿತು, ನಡುಗಿತು, ಒಂದು ಮೊಗ್ಗು ಜಾರಿತು. ಅದನ್ನು ಹೆಕ್ಕಿಕೊಂಡು ಮತ್ತೆ ಹಿಡಿದರು. ಮಾಲೆ ಕೂದಲೆಳೆಯಷ್ಟು ಮುಂದೆ ಸರಿಯಿತು.

ಅವರ ಕೈ ಮೊದಲಿನಂತಾಗಿದೆ ಎಂದು ಹೇಳಲಾರೆ. ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ. ಸೊಸೆ ಎರಡು ಮಾಲೆ ಮುಗಿಸುವಷ್ಟರಲ್ಲಿ ಅವರದ್ದು ಒಂದಾಗುತ್ತದೆ. ಮೋಡ ಕವಿದ ದಿನ ಬೆರಳು ಮಾತು ಕೇಳುವುದಿಲ್ಲ, ಅಂಥ ದಿನ ಕೆಲಸಕ್ಕೆ ಬಾರದ ಹಲಗೆಗಳಲ್ಲಿ ಒಂದನ್ನು ತೆಗೆದುಕೊಳ್ಳುತ್ತಾರೆ. ಆದರೆ ಮೊದಲಿನ ಒಳ್ಳೆಯ ಹಲಗೆ ಆ ರಾಶಿಯಲ್ಲಿ ಕಾಣಲಿಲ್ಲ. ಹೆಜಮಾಡಿಯಲ್ಲಿ ಬಲೆ ಹೆಣೆಯುವ ಒಬ್ಬರ ಕೈಗೂ ಇಂಥದ್ದೇನಾದರೂ ಮಾಡಬಹುದೇ ಎಂದು ಮಣಿಪಾಲದ ಹುಡುಗಿ ಕೇಳಿದ್ದಳು, ಮೇಣ ಹಾಕಿ ಬಳಸಿದ ಮೇಲೆ ಆ ಒಳ್ಳೆಯ ಹಲಗೆಯ ಸೀಳು ಎಷ್ಟು ಉಳಿದಿದೆಯೆಂದು ನಾನು ಅಳೆದು ನೋಡಬೇಕಿತ್ತು. ಹಾಗಾಗಿ ಒಂದು ಮಧ್ಯಾಹ್ನ ಹೋಗಿ ವಿಚಾರಿಸಿದೆ.

ಬಾಯಮ್ಮ ಅಡುಗೆಮನೆಗೆ ಕರೆದುಕೊಂಡು ಹೋದರು. ಒಲೆಯಿಂದ ಇಳಿಸಿದ ಗಂಜಿಯ ಪಾತ್ರೆ ಆ ಹಲಗೆಯ ಮೇಲಿತ್ತು. ಹಲ್ಲುಗಳು ಮುರಿದಿದ್ದವು, ಮೇಣ ಕರಗಿ ಬಿಳಿ ಕಲೆಯಾಗಿತ್ತು.

"ಬಿಸಿ ಪಾತ್ರೆ ಇಡಲಿಕ್ಕೆ ಒಳ್ಳೆಯದುಂಟು," ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ನನ್ನ ತೋಳನ್ನು ಹತ್ತಿರ ಎಳೆದುಕೊಂಡು, ತಮ್ಮ ಎಡಗೈಯ ಹೆಬ್ಬೆರಳು, ತೋರುಬೆರಳುಗಳ ನಡುವೆ ಚರ್ಮ ಹಿಡಿದು, ಬಲವಾಗಿ ಚಿವುಟಿದರು.

"ನೋವಾಯ್ತಾ?"

"ಆಯ್ತು ಬಾಯಮ್ಮ."

"ನಿಜವಾಗಿ?"

ನಾನು ತೋಳು ತೋರಿಸಿದೆ. ಚಿವುಟಿದಲ್ಲಿ ಕೆಂಪಗಾಗಿತ್ತು. ಅವರು ಕನ್ನಡಕ ಸರಿಪಡಿಸಿಕೊಂಡು, ಆ ಕೆಂಪು ಗುರುತನ್ನು ಬಹಳ ಹೊತ್ತು ನೋಡಿದರು.